ದ್ವಾದಶಿಯ ಬೆಳಗಿನ ರಕ್ತಪರೀಕ್ಷೆ

ನಂಜನಗೂಡಿನಲ್ಲಿ ಪುರೋಹಿತನಾಗಿರುವ ನನ್ನ ಅಣ್ಣ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಗೆ ಹೋಗುತ್ತಿದ್ದದ್ದು ದ್ವಾದಶಿಯ ಬೆಳಿಗ್ಗೆ ಮಾತ್ರ. ಹಿಂದಿನ ದಿನ ಏಕಾದಶಿ, ಹೊಟ್ಟೆಗೆ ನೀರು ಬಿಟ್ಟರೆ ಏನೂ ಇಲ್ಲ. ಸಕ್ಕರೆ ಇಳಿಯದೆ ಏನು ಮಾಡೀತು? "ನೋಡೇ, ನಾರ್ಮಲ್!" ಎಂದು ರಿಪೋರ್ಟನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದ. ಆಮೇಲೆ ಪಾರಣೆಗೆ ಕೂತರೆ ಹೆಸರುಬೇಳೆ ಪಾಯಸ ಎರಡು ಸಲ, ಮೇಲೊಂದು ರಸಬಾಳೆ. ಉಳಿದ ದಿನಗಳಲ್ಲಿ ಮದುವೆ, ಮುಂಜಿ, ಗೃಹಪ್ರವೇಶ. ಸಿಹಿಯೂಟಕ್ಕೇನು ಬರ!

ನಾನು ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಉಪವಾಸದ ಮಾರನೆಯ ದಿನದ ಆ ರಿಪೋರ್ಟನ್ನು ನಂಬಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಮೂತ್ರಪರೀಕ್ಷೆಯನ್ನೂ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಒಂದು ಸಲ ತೆಗೆದೆ ಕೂಡ.

"ವ್ರತ ಮಾಡೋನಿಗೆ ಅದೆಲ್ಲ ಯಾತಕ್ಕೇ? ನಿನ್ನ ಪಾಠ ಮಕ್ಕಳಿಗೆ ಇಟ್ಕೋ" ಎಂದು ರೇಗಿದ.

ಎಂಟನೇ ಕ್ಲಾಸಿನ ಪುಂಡರನ್ನು ಒಂದೇ ಗದರಿಕೆಗೆ ಕೂರಿಸುವವಳು ನಾನು. ಅವನ ಮುಂದೆ ಮಾತ್ರ ನಕ್ಕು ಚೀಟಿ ಮಡಚಿಟ್ಟೆ. ಅವನಿಗೆ ವ್ರತವೆಂದರೆ ಅಭಿಮಾನ, ಅದನ್ನು ನೋಯಿಸಲು ನನಗೆ ಬಾಯಿ ಬರಲಿಲ್ಲ. ಆ ಸಂಕೋಚಕ್ಕೆ ಬೆಂಕಿ ಬೀಳ!

ವರ್ಷಗಳು ಕಳೆದು ಅವನ ಕಾಲು ಊದಿಕೊಂಡ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ನನಗೇ ಪಾಠ ಹೇಳಿದರು. "ಸಕ್ಕರೆ ವರ್ಷಗಟ್ಟಲೆ ಹೀಗೆ ಜಾಸ್ತಿ ಇದ್ರೆ ಒಳಗೆ ಆಕ್ಸಿಡೇಟಿವ್ ಸ್ಟ್ರೆಸ್ ಆಗುತ್ತಮ್ಮ. ತುಕ್ಕು ಹಿಡಿದ ಹಾಗೆ ಅಂತಿಟ್ಕೊಳ್ಳಿ. ಕಿಡ್ನಿಯೊಳಗೆ ರಕ್ತ ಸೋಸೋ ಜಾಲರಿ ಹಾಳಾಗುತ್ತೆ. ಮೂತ್ರದ ಟೆಸ್ಟ್ ಮಾಡಿಸಿದ್ದಿದ್ರೆ ಮೊದಲೇ ಗೊತ್ತಾಗ್ತಿತ್ತು."

ವರ್ಷಾವರ್ಷ ಒದ್ದೆ ಮೊಳೆ ತೋರಿಸಿ ತುಕ್ಕಿನ ಪಾಠ ಮಾಡಿದವಳು ತಲೆ ತಗ್ಗಿಸಿ ಕೂತೆ.

ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ಏಕಾದಶಿಯ ಉಪವಾಸ ನಿಂತಿದೆ, ಕುಡಿಯುವ ನೀರಿಗೂ ಅಳತೆ. ರಜೆಯ ದಿನ ನಾನು ಜೊತೆಗೆ ಹೋಗುತ್ತೇನೆ. ಮೊನ್ನೆ ಮಂಚದ ಪಕ್ಕ ಕೂತಿದ್ದಾಗ ಅಣ್ಣ ಕೇಳಿದ: "ಆ ದ್ವಾದಶಿ ಟೆಸ್ಟು ಸರಿಯಲ್ಲ ಅಂತ ಆಗಲೇ ಗೊತ್ತಿತ್ತೇನೇ ನಿನಗೆ?"

"ಗೊತ್ತಿತ್ತು ಅಣ್ಣ."

ಬೈಯಲಿ, ಬೈದರೆ ಹಗುರಾಗುತ್ತೇನೆ ಎಂದು ಕಾದೆ. ಅವನು ಬೈಯಲಿಲ್ಲ.

"ನಾನು ರೇಗ್ತಿದ್ದೆ, ನಿಜ. ನೀನೂ ಒಂದೇ ಒಂದು ಸಲ ಗದರಬಾರದಿತ್ತೇನೇ?" ಎಂದು ಗೋಡೆಯ ಕಡೆ ತಿರುಗಿಕೊಂಡ.