ಎರಡನೇ ಉತ್ತರ

ಕಂದು ಚೀಲದ ಜಿಪ್ಪಿನ ಕೊಂಡಿ ಕಿತ್ತುಹೋಗಿ, ಆ ಜಾಗದಲ್ಲಿ ಒಂದು ಸೇಫ್ಟಿ ಪಿನ್ನು ತೂಗುತ್ತಿತ್ತು. ಎರಡು ವರ್ಷ ಪ್ರತಿ ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೇ ನನ್ನ ಕಣ್ಣು ಹುಡುಕುತ್ತಿದ್ದದ್ದು ಆ ಪಿನ್ನನ್ನು. ಪುಣೆಯ ನಿಗಡಿಯಿಂದ ಹಿಂಜವಡಿಗೆ ಹೋಗುವ ಕಂಪನಿಯ ಬಸ್ಸು ಅದು. ಹಿಂದಿನಿಂದ ಎರಡನೇ ಸಾಲಿನಲ್ಲಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ಆ ಚೀಲ ಕೂತಿರುತ್ತಿತ್ತು. ನಾನು ಹತ್ತಿರ ಬಂದಾಗ ಅಕ್ಕ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, "ಬಾ ತಂಗಿ, ನಿನ್ನ ಸಿಂಹಾಸನ ಖಾಲಿ ಅದ" ಎನ್ನುತ್ತಿದ್ದರು.

ನಮ್ಮ ನಡುವೆ ರಕ್ತಸಂಬಂಧವೇನೂ ಇರಲಿಲ್ಲ. ಅವರು ಬೆಳಗಾವಿ ಕಡೆಯವರು, ಮದುವೆಯಾಗಿ ಬಂದು ಪುಣೆಯಲ್ಲೇ ತಲೆ ನರೆಸಿಕೊಂಡವರು, ನಮ್ಮದೇ ಕಂಪನಿಯ ಬೇರೊಂದು ವಿಭಾಗದಲ್ಲಿ ಮ್ಯಾನೇಜರು. ಹಿಂದಿನ ಸಾಲಿನಲ್ಲಿ ಇನ್ನಿಬ್ಬರು. ಒಬ್ಬಳು ಕುಂದಾಪುರದವಳು, ತಂದೆಯದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು. ಸೋಮವಾರ ಬಂದರೆ ಡಬ್ಬಿಯಲ್ಲಿ ಬನ್ಸ್ ತರುತ್ತಿದ್ದಳು. ಇನ್ನೊಬ್ಬಳು ಹಾಸನದಿಂದ ಹೊಸದಾಗಿ ಬಂದ ಕಿರಿಯ ಹುಡುಗಿ. ನಾನು ಹೆಚ್ಚು ಮಾತಾಡುವವಳಲ್ಲ. ಆದರೂ ಆ ನಾಲ್ಕು ಸೀಟುಗಳಲ್ಲಿ ಒಂದು ನನ್ನದೆಂದು ಯಾರೂ ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು. ನನಗೆ ಅದು ಇಷ್ಟವಾಗಿತ್ತು.

ವಾಕಡ ದಾಟಿದ ಮೇಲೆ ವಾಹನಗಳ ದಟ್ಟಣೆಯಲ್ಲಿ ಬಸ್ಸು ತೆವಳುತ್ತದೆ. ಆ ಹೊತ್ತಿನಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು. ಯಾರಿಗೆ ಅಂದು ಕಷ್ಟದ ಮೀಟಿಂಗು ಇದೆಯೋ ಅವರನ್ನು ಅಕ್ಕ ಮೇಲಧಿಕಾರಿಯ ಗತ್ತಿನಲ್ಲಿ ಪ್ರಶ್ನೆ ಕೇಳುವರು. ಅವರದೊಂದು ನಿಯಮವಿತ್ತು: ಪ್ರತಿ ಪ್ರಶ್ನೆಗೆ ಎರಡು ಉತ್ತರ. ಮೊದಲನೆಯದು ಮನಸ್ಸಿನಲ್ಲಿರುವುದು, ಇದ್ದದ್ದು ಇದ್ದ ಹಾಗೆ. ಎರಡನೆಯದು ಮೀಟಿಂಗಿನಲ್ಲಿ ಹೇಳುವುದು. "ಮೊದಲನೇದು ಇಲ್ಲೇ ಉಗುಳಿಬಿಡ್ರಿ. ಇಲ್ಲಂದ್ರ ಅದು ಅಲ್ಲಿ ಹೋಗಿ ಬಾಯಿಗೆ ಬರತದ," ಎನ್ನುವರು. ಸುತ್ತಲಿನವರಿಗೆ ಕನ್ನಡ ಬಾರದು, ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಹೀಗೆ ಕಲಿತೇ ಕುಂದಾಪುರದವಳು ಮಗು ಹುಟ್ಟಿದ ಮೇಲೆ ಆರು ತಿಂಗಳು ಮನೆಯಿಂದ ಕೆಲಸ ಮಾಡುವ ಅನುಮತಿ ಪಡೆದಳು. ಹಾಸನದ ಹುಡುಗಿ ತನ್ನ ಮೇಲೆ ಕೆಲಸ ಹೇರುತ್ತಿದ್ದ ಒಬ್ಬರಿಗೆ ಮೊದಲ ಸಲ "ಆಗೋದಿಲ್ಲ" ಎಂದಳು. ಅಂದು ಸಂಜೆ ಬಸ್ಸಿನಲ್ಲಿ ಚಪ್ಪಾಳೆ ತಟ್ಟಿದ್ದೆವು.

ಎಂಟು ಜನರ ನಮ್ಮ ತಂಡವನ್ನು ನಡೆಸಲು ಲೀಡ್ ಬೇಕೆಂದು ಪ್ರಕಟಣೆ ಬಂದಾಗ, ಅಷ್ಟು ಜನರನ್ನು ನಿಭಾಯಿಸುವುದು ಹೇಗೆಂದು ಅಂಜುತ್ತಿದ್ದ ನನ್ನಿಂದ ಅರ್ಜಿ ಹಾಕಿಸಿದವರೂ ಅಕ್ಕನೇ.

"ಎಂಟು ಮಂದಿ ಅಲ್ಲೇನು? ನಾವಿಲ್ಲಿ ಮೂರು ಮಂದಿ ನಿನ್ನ ಬೆನ್ನಿಗದೀವಿ. ಇನ್ನೈದೇ ಮಂದಿಗೆ ಅಂಜಬೇಕು ನೀ."

"ಈ ಲೆಕ್ಕದಲ್ಲಿ ನೀವು ಮ್ಯಾನೇಜರ್ ಹೇಗಾದ್ರಿ ಮಾರಾಯ್ರೆ?" ಎಂದು ಕುಂದಾಪುರದವಳು ನಕ್ಕಳು.

ಸಂದರ್ಶನದ ಹಿಂದಿನ ದಿನ ನನ್ನ ತಾಲೀಮು. "ಕ್ಲೈಂಟ್ ಸಿಟ್ಟಾದಾಗ ಏನು ಮಾಡ್ತೀರಿ?" ಎಂದು ಅಕ್ಕ ಕೇಳಿದರು. ನಾನು ಕಿಟಕಿಯ ಕಡೆ ನೋಡುತ್ತಾ ಮೊದಲ ಉತ್ತರ ಹೇಳಿದೆ. ಹಿಂದಿನ ವರ್ಷ ಮನೆಯಿಂದ ಸೇರಿದ್ದ ಒಂದು ಕಾಲ್‌ನಲ್ಲಿ ಕ್ಲೈಂಟ್ ಕೂಗಾಡಿದಾಗ ನನ್ನ ಉಸಿರು ಕಟ್ಟಿತ್ತು. ಲ್ಯಾಪ್‌ಟಾಪ್ ಮುಚ್ಚಿ ಬಚ್ಚಲಿಗೆ ಹೋಗಿ ನೆಲದ ಮೇಲೆ ಕೂತುಬಿಟ್ಟಿದ್ದೆ. ನೆಟ್‌ವರ್ಕ್ ಹೋಗಿತ್ತು ಎಂದು ತಂಡಕ್ಕೆ ಸುಳ್ಳು ಹೇಳಿದ್ದೆ. ಇದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ.

ಅಕ್ಕ ನನ್ನ ಕೈ ಹಿಡಿದುಕೊಂಡರು. "ಈಗ ಎರಡನೇದು ಹೇಳು," ಎಂದರು. ಅದನ್ನೂ ಹೇಳಿದೆ. ಆ ದಿನದ ನಂತರ ಒಂದು ಕಾಲ್ ಕೂಡ ಬಿಟ್ಟಿಲ್ಲ. ಕಷ್ಟವೆನಿಸಿದರೆ ಜೊತೆಯವರಿಗೆ ಮೊದಲೇ ತಿಳಿಸುತ್ತೇನೆ, ಎರಡು ನಿಮಿಷ ಅವರು ನೋಡಿಕೊಳ್ಳುತ್ತಾರೆ, ಮತ್ತೆ ನಾನು ಹಿಡಿಯುತ್ತೇನೆ. ಇದು ಬರೀ ಮೀಟಿಂಗಿಗೆ ಹೊಂದಿಸಿದ ಮಾತಲ್ಲ. ಇದೂ ನಿಜವಾಗಿತ್ತು.

ಸಂದರ್ಶನದಲ್ಲಿ ಮೂವರಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ನಡುವೆ ಕೂತವರು ಪೆನ್ನಿನ ಕ್ಯಾಪು ಹಾಕುತ್ತಾ, ಮೃದುವಾಗಿಯೇ ಕೇಳಿದರು: "ಕ್ಲೈಂಟ್ ಜೋರು ಮಾಡಿದರೆ ನಿಮ್ಮ ನೆಟ್‌ವರ್ಕ್ ಹೋಗುತ್ತದಂತೆ. ಆಗ ನಿಮ್ಮ ತಂಡ ಯಾರ ಮುಖ ನೋಡಬೇಕು?"

ನನ್ನ ಎರಡನೇ ಉತ್ತರ ಬಾಯಿಗೆ ಬರಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮಾತ್ರ ನೋಡಿದೆ. ನೆಟ್‌ವರ್ಕಿನ ಆ ಸುಳ್ಳು ಗೊತ್ತಿದ್ದದ್ದು ಬಸ್ಸಿನ ಮೂರೇ ಜನರಿಗೆ.

ಎರಡು ದಿನದ ಮೇಲೆ ಮೇಲ್ ಬಂತು. ಹುದ್ದೆ ಅಕ್ಕನ ವಿಭಾಗದ ಹುಡುಗನೊಬ್ಬನಿಗೆ ಸಿಕ್ಕಿತ್ತು. ಸಂಜೆ ಬಸ್ಸಿನಲ್ಲಿ ಚೀಲ ಎಂದಿನ ಸೀಟಿನ ಮೇಲಿತ್ತು. ನಾನು ಕೂತು, ಬಸ್ಸು ಗೇಟು ದಾಟಲಿ ಎಂದು ಕಾದೆ.

"ಅಕ್ಕ, ನೀವು ಹೇಳಿದ್ರಾ?"

ಅವರು ಯಾವುದು ಎಂದು ಕೇಳಲಿಲ್ಲ. "ದಿನಾ ಕೂಡೇ ಬರ್ತೀರಲ್ಲ, ಆಕಿ ಹೆಂಗ ಅಂತ ಸಂದರ್ಶನದವರು ಕೇಳಿದ್ರು. ಸುಳ್ಳು ಹೇಳಬೇಕಾಗಿತ್ತೇನು?"

"ಸುಮ್ಮನೆ ಇರಬಹುದಿತ್ತು."

"ನಿನಗ ಈಗ ಅಷ್ಟು ಭಾರ ಬ್ಯಾಡ ಅನಿಸ್ತು ತಂಗಿ. ನಿನ್ನ ಚಲೋದಕ್ಕ ಹೇಳೀನಿ. ಮುಂದಿನ ವರ್ಷ ನಾನ ನಿಂತು ಕೊಡಸ್ತೀನಿ."

"ಆ ಹುಡುಗನ ಹೆಸರು ಸೂಚಿಸಿದ್ದೂ ನೀವೇನಾ?"

ಅಕ್ಕ ಸೇಫ್ಟಿ ಪಿನ್ನನ್ನು ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. "ಅಂವ ಭಾಳ ಹುಷಾರ ಇದ್ದಾನ" ಎಂದಷ್ಟೇ ಹೇಳಿದರು.

ಹಿಂದಿನಿಂದ ಕುಂದಾಪುರದವಳು, "ಎಂತ ಅಕ್ಕ ಇದು" ಎಂದಳು. ಅವಳಾದರೂ ನನ್ನ ಕಡೆ ಇದ್ದಾಳೆ ಎಂದುಕೊಂಡೆ. ಆದರೆ ನಿಗಡಿಯಲ್ಲಿ ಇಳಿದ ಮೇಲೆ ಅವಳೇ ನನ್ನ ತೋಳು ಹಿಡಿದು, "ಬಿಡು ಮಾರಾಯ್ತಿ, ದೊಡ್ಡದು ಮಾಡಬೇಡ. ಅವರಿಲ್ಲದಿದ್ರೆ ನನಗೆ ಮಗು ನೋಡ್ಕೊಳ್ಳಲಿಕ್ಕೆ ಆಗ್ತಿತ್ತಾ?" ಎಂದಳು. ಅದೂ ಸುಳ್ಳಲ್ಲ. ಅವರು ಅವಳಿಗೆ ಒಳ್ಳೆಯದನ್ನೇ ಮಾಡಿದ್ದರು. ನನಗೂ ಮಾಡಿದ್ದರು. ಆ ಎರಡು ವರ್ಷವಿಲ್ಲದಿದ್ದರೆ ನಾನು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಮನೆಗೆ ನಡೆಯುವಾಗ ನನ್ನನ್ನು ಚುಚ್ಚುತ್ತಿದ್ದದ್ದು ಹುದ್ದೆಯಲ್ಲ. ಅಕ್ಕನಿಗೆ ನಾನು ಎರಡು ಉತ್ತರ ಕೊಟ್ಟಿದ್ದೆ. ಬಿದ್ದದ್ದನ್ನೂ ಹೇಳಿದ್ದೆ, ಎದ್ದದ್ದನ್ನೂ ಹೇಳಿದ್ದೆ. ಅವರು ಒಯ್ದದ್ದು ಮೊದಲನೆಯದನ್ನು ಮಾತ್ರ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಚೀಲ ಕಿಟಕಿಯ ಸೀಟಿನ ಮೇಲಿತ್ತು. "ಬಾ ತಂಗಿ," ಎಂದರು ಅಕ್ಕ, ಸಿಂಹಾಸನದ ಮಾತಿರಲಿಲ್ಲ. ನಾನು ನಮಸ್ಕಾರ ಹೇಳಿ ದಾಟಿ ಹೋಗಿ, ಹಿಂದಿನ ಸಾಲಿನಲ್ಲಿ ಹಾಸನದ ಹುಡುಗಿಯ ಪಕ್ಕ ಕೂತೆ. ಅವಳಿಗೆ ಅಂದು ಮೊದಲ ಸಲ ಕ್ಲೈಂಟ್ ಎದುರು ಮಾತಾಡುವುದಿತ್ತು. ತೊಡೆಯ ಮೇಲೆ ಮಡಿಸಿದ ಹಾಳೆ ಇತ್ತು.

"ಅಕ್ಕ, ಇವತ್ತು ತಾಲೀಮು ಇಲ್ವಾ?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಇದೆ. ನಾನು ಕೇಳ್ತೀನಿ."

ಅವಳು ಉಸಿರೆಳೆದುಕೊಂಡು, ರೂಢಿಯಂತೆ, "ಮೊದಲನೇ ಉತ್ತರ ಏನಂದ್ರೆ..." ಎಂದು ಶುರುಮಾಡಿದಳು.

ನಾನು ಅವಳ ಕೈಯ ಮೇಲೆ ಕೈ ಇಟ್ಟು ತಡೆದೆ. "ಅದು ನಿನ್ನ ಹತ್ತಿರವೇ ಇರಲಿ. ಎರಡನೆಯದನ್ನು ಮಾತ್ರ ಹೇಳು," ಎಂದೆ. ಮುಂದಿನ ಸಾಲಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮೊದಲ ಪ್ರಶ್ನೆ ಕೇಳಿದೆ.