ರಾಣಿಯ ಕೈಯಲ್ಲಿದ್ದ ಹೂವು

ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಹಳೆಯ ಚಿತ್ರಗಳ ಕೊಳೆ ತೆಗೆಯುತ್ತಿದ್ದ ಆಕೆಯನ್ನು ಎಲ್ಲರೂ ಹತ್ತಿಯಕ್ಕ ಎನ್ನುತ್ತಿದ್ದರು. ಕಡ್ಡಿಗೆ ಹತ್ತಿ ಸುತ್ತಿ, ದ್ರಾವಣದಲ್ಲಿ ಅದ್ದಿ, ಉಗುರಿನಷ್ಟಗಲದ ಜಾಗವನ್ನು ಅರ್ಧ ದಿನ ಒರೆಸುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ, ಯಾವುದನ್ನೂ ಸುಮ್ಮನೆ ನಂಬದ ಸ್ವಭಾವ ಬೆಳೆದುಬಿಟ್ಟಿತ್ತು. "ನಮ್ಮತ್ತಿಗೆ ಮದುವೆ ಫೋಟೋ ನೋಡಿ, ಇದು ನಿಜವಾಗ್ಲೂ ನಿಮ್ಮಣ್ಣನಾ ಅಂತ ನನ್ನೇ ಕೇಳ್ತಾರೆ" ಎಂದು ನಾದಿನಿ ನಗುತ್ತಿದ್ದಳು.

ಆ ವರ್ಷ ಪ್ರದರ್ಶನಕ್ಕೆಂದು ಒಬ್ಬ ಮಹಾರಾಣಿಯ ಚಿತ್ರ ಮೇಜಿಗೆ ಬಂತು. ತಗ್ಗಿಸಿದ ಕಣ್ಣು, ಕೈಯಲ್ಲಿ ಬಿಳಿ ಹೂವು. ಆಸ್ಥಾನದ ಚರಿತ್ರೆಯಲ್ಲೂ ಆ ರಾಣಿಯ ಬಗ್ಗೆ ಇದ್ದದ್ದು ಇಷ್ಟೇ: ಮೃದುಭಾಷಿಣಿ, ಹೂವುಗಳನ್ನು ಪ್ರೀತಿಸಿದವಳು. ಹತ್ತಿ ತಾಗಿದೊಡನೆ ಹೂವಿನ ಅಂಚು ಕರಗಿತು. ಉಳಿದ ಬಣ್ಣವೆಲ್ಲ ಕಲ್ಲಿನಂತೆ ಗಟ್ಟಿ. ಹತ್ತಿಯಕ್ಕ ಥಟ್ಟನೆ ಕೈ ಹಿಂದೆಗೆದಳು. ಈ ಹೂವು ಆಮೇಲೆ ಬಂದದ್ದು.

"ಹೂವು ಹೂವಾಗೇ ಇರ್ಲಿ ಬಿಡಿ. ನಿಮಗ್ಯಾಕೆ ಊರ ಉಸಾಬರಿ?" ಎಂದರು ಮುಖ್ಯಸ್ಥರು.

"ಕೆಳಗೆ ಏನೋ ಇದೆ ಸರ್. ಎಕ್ಸ್‌ರೇ ತೆಗೆಸಿ."

ತಿಂಗಳುಗಟ್ಟಲೆ ಕಾಡಿದ ಮೇಲೆ ತೆಗೆಸಿದರು. ಹೂವಿನಡಿ ಆ ಬೆರಳುಗಳು ಹಿಡಿದಿದ್ದದ್ದು ಆಜ್ಞೆಗಳಿಗೆ ಒತ್ತುವ ರಾಜಮುದ್ರೆ.

ಹತ್ತಿಯಕ್ಕ ಗ್ರಂಥಾಲಯಕ್ಕೆ ಹೋಗಿ ಚರಿತ್ರೆಯನ್ನು ಸಾಲುಸಾಲಾಗಿ ಓದಿದಳು. ಅರಸ ಎಂಟು ವರ್ಷ ಹಾಸಿಗೆ ಹಿಡಿದಿದ್ದನಂತೆ. ಆಗ ರಾಜ್ಯ 'ತಾನಾಗಿಯೇ ಸುಗಮವಾಗಿ ನಡೆಯಿತು' ಎಂದಿತ್ತು.

"ತಾನಾಗೇ ನಡೆಯೋಕೆ ಅದೇನು ಗೋಡೆ ಗಡಿಯಾರಾನಾ?" ಎಂದು ಪ್ರದರ್ಶನ ಸಮಿತಿಯ ಸಭೆಯಲ್ಲಿ ಕೇಳಿದಳು. ಯಾರೂ ನಗಲಿಲ್ಲ. ಬದಲಿಗೆ ಒಬ್ಬ ಹಿರಿಯ ಪಂಡಿತರು, "ನೀವೇ ಏನಾದ್ರೂ ಬಣ್ಣ ಹಚ್ಚಿಲ್ಲ ತಾನೇ?" ಎಂದರು.

ಆಕೆ ಎಕ್ಸ್‌ರೇಯನ್ನು ಅವರ ಮುಂದಕ್ಕೆ ತಳ್ಳಿದಳು. "ಮುದ್ರೆ ಅಡಿಯಲ್ಲಿದೆ, ಹೂವು ಮೇಲಿದೆ. ಅಡಿಗೆ ನುಗ್ಗಿ ಬಣ್ಣ ಹಚ್ಚೋ ವಿದ್ಯೆ ನಂಗೆ ಬರಲ್ಲ" ಎಂದಳು.

ಹೂವೂ ಹಳೆಯದೇ, ಅಳಿಸುವುದು ಬೇಡ, ಎಕ್ಸ್‌ರೇಯನ್ನು ಪಕ್ಕದಲ್ಲಿ ತೂಗುಹಾಕೋಣ ಎಂದು ತೀರ್ಮಾನವಾಯಿತು. ಫಲಕದಲ್ಲಿ 'ಕೈಯಲ್ಲಿ ಒಂದು ವಸ್ತು' ಎಂದು ಬರೆಸಿದರು. ವಸ್ತುವಂತೆ! ಆಕೆ ಮೂರು ಪತ್ರ ಬರೆದ ಮೇಲೆ ಅದು 'ರಾಜಮುದ್ರೆ' ಎಂದಾಯಿತು.

ಮುಂದಿನ ಚಿತ್ರದಲ್ಲಿ ಇನ್ನೊಬ್ಬ ರಾಣಿ, ಮಣಿಕಟ್ಟಿನ ಮೇಲೆ ಗಿಳಿ. ಹತ್ತಿಯಕ್ಕ ಕಡ್ಡಿ ಮುಟ್ಟುವ ಮೊದಲೇ ಎಕ್ಸ್‌ರೇ ಕೇಳಿದಳು.

"ಗಿಳಿ ಮೇಲೂ ಅನುಮಾನಾನಾ?" ಮುಖ್ಯಸ್ಥರು ನಿಟ್ಟುಸಿರಿಟ್ಟರು.

"ಗಿಳಿ ಮೇಲಲ್ಲ ಸರ್. ತಂದು ಕೂರಿಸಿದವರ ಮೇಲೆ."

ಗಿಳಿಯ ಕೆಳಗೆ ರಾಣಿಯ ಬರಿಗೈ ಬಿಟ್ಟರೆ ಏನೂ ಇರಲಿಲ್ಲ. ಆಕೆ ಹಾಗೆಯೇ ದಾಖಲಿಸಿದಳು. ಬಳಿಕ ಆ ರಾಣಿಯ ಕಾಲದ ಚರಿತ್ರೆಯನ್ನು ಕಳುಹಿಸಿಕೊಡಿ ಎಂದು ಗ್ರಂಥಾಲಯಕ್ಕೆ ಚೀಟಿ ಬರೆದಳು.