ಮಾತಾಡಿದವರು

ಸ್ನೇಹಿತರೇ, ಇವತ್ತು ಏಳನೇ ಕ್ಲಾಸಿನ ಪೌರನೀತಿ ಪಾಠದಲ್ಲಿ ಮಾನವ ಹಕ್ಕುಗಳು ಬಂದವು. ಮಾತಾಡೋದೂ ಒಂದು ಹಕ್ಕು, ಹೆದರದೆ ಮಾತಾಡಿ ಅಂದೆ. ಲಗ್ಗೆರೆಯ ಮಂಜುಳ ಎದ್ದು ನಿಂತಳು. "ಫ್ಯಾಕ್ಟರೀಲಿ ನಮ್ಮಮ್ಮ ಒಂದಕ್ಕೆ ಹೋಗೋಕೂ ಟೋಕನ್ ಇಸ್ಕೋಬೇಕು ಸಾರ್. ಅದು ಸರೀನಾ?" ಅವಳ ಹಿಂದೆ ಇನ್ನೂ ಮೂವರು ಬಾಯಿಬಿಟ್ಟರು. ನಾನು ಹಿಗ್ಗಿಹೋದೆ.

ಹೆಡ್‌ಮೇಷ್ಟ್ರು ಕರೆದ್ರು ಅಂತ ಹೋಗಿ ಬರೋಷ್ಟರಲ್ಲಿ ಬೋರ್ಡಿನ ಮೂಲೇಲಿ 'ಮಾತಾಡಿದವರು' ಅಂತ ಬರೆದು, ಕೆಳಗೆ ಆ ನಾಲ್ಕೂ ಹೆಸರು.

ಕ್ಲಾಸ್ ಲೀಡರ್ ಶಾರದಳನ್ನು ಕೇಳಿದೆ. "ನೀವಿದ್ದಾಗ ಮಾತಾಡಿದೋರು ಸಾರ್. ನೀವು ಹೋದ್ಮೇಲೆ ಯಾರೂ ಉಸಿರೆತ್ತಿಲ್ಲ" ಅಂದಳು. ನಾಲ್ವರೂ ಆಗಲೇ ತಾವಾಗಿ ಬೆಂಚಿನ ಮೇಲೆ ನಿಂತಿದ್ದರು.

ಇದನ್ನೆಲ್ಲ ಕಲಿಸಿದ್ದು ಯಾರು ಅಂತ ಕೇಳ್ಬೇಡಿ. ಜೂನ್‌ನಿಂದ ಆ ಪಟ್ಟಿ ಬರೆಸ್ತಿರೋನು ನಾನೇ.